ಮಲಕ್ಕಾ ಜಲಸಂಧಿಗೆ ನಾಲ್ಕು ದೇಶಗಳ ಕಾವಲು

ಇಂಡೊನೇಷ್ಯಾದ ಸುಮಾತ್ರಾ ದ್ವೀಪಕ್ಕೂ ಮಲಯ ಪರ್ಯಾಯ ದ್ವೀಪಕ್ಕೂ ನಡುವೆ ಸುಮಾರು 800 ಕಿ.ಮೀ. ಉದ್ದಕ್ಕೆ ಚಾಚಿಕೊಂಡಿರುವ ಕಡಲ ದಾರಿಯೇ ಮಲಕ್ಕಾ ಜಲಸಂಧಿ. ಕೊಲ್ಲಿ ದೇಶಗಳ ಕಚ್ಚಾ ತೈಲ ಚೀನಾ, ಜಪಾನ್, ದಕ್ಷಿಣ ಕೊರಿಯಾಗಳಿಗೆ ಸಾಗುವುದು ಬಹುಪಾಲು ಇದೇ ದಾರಿಯಲ್ಲಿ. ಸಿಂಗಪುರದ ಸಮೀಪ, ಫಿಲಿಪ್ ಕಾಲುವೆಯಲ್ಲಿ ಹಡಗಿನ ದಾರಿ 3 ಕಿ.ಮೀ.ಗಿಂತಲೂ ಕಿರಿದು. ವೇಗ ತಗ್ಗಿಸಿ ಸಾಗುವ ಹಡಗಿನ ಹಿಂಬದಿಗೆ ಕತ್ತಲಲ್ಲಿ ಸಣ್ಣ ದೋಣಿ ತಂದು, ಹಗ್ಗ ಎಸೆದು ಹತ್ತುವುದು ದರೋಡೆಕೋರರ ರೂಢಿ.

ಗಡಿಯ ತೊಡಕು

ಕರಾವಳಿಯಿಂದ 12 ನಾಟಿಕಲ್ ಮೈಲಿವರೆಗಿನ ನೀರು ಆಯಾ ದೇಶದ್ದು. ಅದರಾಚೆ ಕಡಲ್ಗಳ್ಳರನ್ನು ಯಾವ ದೇಶದ ನೌಕಾಪಡೆಯಾದರೂ ಹಿಡಿಯಬಹುದು. ಅದರೊಳಗೆ ಆ ಅಧಿಕಾರ ತೀರದ ದೇಶಕ್ಕೆ ಮಾತ್ರ. ಜಲಸಂಧಿ ಕಿರಿದಾದಲ್ಲಿ ಕಳ್ಳರ ದೋಣಿ ಬೇಗನೆ ನೆರೆದೇಶದ ನೀರಿಗೆ ನುಸುಳುತ್ತದೆ, ಬೆನ್ನಟ್ಟಿದವರು ಗಡಿಯಲ್ಲೇ ನಿಲ್ಲಬೇಕಾಗುತ್ತದೆ.

ಗಸ್ತು ನಡೆಯುವ ಬಗೆ

2004ರ ಜುಲೈನಲ್ಲಿ ಇಂಡೊನೇಷ್ಯಾ, ಮಲೇಷ್ಯಾ, ಸಿಂಗಪುರ ಸಮನ್ವಯದ ಗಸ್ತು ಆರಂಭಿಸಿದವು. ಪ್ರತಿ ನೌಕಾಪಡೆಯೂ ತನ್ನ ನೀರನ್ನು ತಾನೇ ಕಾಯುತ್ತದೆ. ಗಡಿ ದಾಟುವ ದೋಣಿಯ ಸುಳಿವನ್ನು ಪಕ್ಕದವರಿಗೆ ದಾಟಿಸುತ್ತದೆ. 2005ರಲ್ಲಿ ವಿಮಾನಗಳೂ ಸೇರಿದವು. ಒಂದು ದೇಶದ ವಿಮಾನದಲ್ಲಿ ಉಳಿದ ದೇಶಗಳ ಅಧಿಕಾರಿಗಳೂ ಕೂರುವುದರಿಂದ ನೆರೆಯ ನೀರಿನ ಮೇಲೆ ಹಾರಿದರೂ ಅನುಮಾನಕ್ಕೆ ಎಡೆಯಿಲ್ಲ. 2008ರಲ್ಲಿ ಥಾಯ್ಲೆಂಡ್ ಕೈಜೋಡಿಸಿತು.

ಫಲ

2005ರ ಜೂನ್‌ನಲ್ಲಿ ಲಂಡನ್ನಿನ ವಿಮಾ ಮಾರುಕಟ್ಟೆಯ ಸಮಿತಿಯೊಂದು ಈ ಜಲಸಂಧಿಯನ್ನು ಯುದ್ಧಾಪಾಯದ ಪ್ರದೇಶಗಳ ಪಟ್ಟಿಗೆ ಸೇರಿಸಿತ್ತು. ಹಡಗು ಕಂಪನಿಗಳ ಮೇಲೆ ಹೆಚ್ಚುವರಿ ವಿಮಾ ಕಂತಿನ ಹೊರೆ ಬೀಳುವಂತಾಯಿತು. ದರೋಡೆಗಳು ಇಳಿದ ಮೇಲೆ, 2006ರ ಆಗಸ್ಟ್‌ನಲ್ಲಿ ಹೆಸರನ್ನು ಕೈಬಿಡಲಾಯಿತು. ಸುಮಾತ್ರಾದ ಅಚೆ ಪ್ರಾಂತ್ಯದಲ್ಲಿ 2005ರಲ್ಲಿ ಆದ ಶಾಂತಿ ಒಪ್ಪಂದದ ಪಾಲೂ ದರೋಡೆಗಳ ಈ ಇಳಿಕೆಯಲ್ಲಿದೆ.

ಭಾರತದ ನಂಟು

ಜಲಸಂಧಿಯ ಪಶ್ಚಿಮ ಬಾಯಿಗೆ ಭಾರತದ ಗ್ರೇಟ್ ನಿಕೋಬಾರ್ ದ್ವೀಪ ಹತ್ತಿರ. ಭಾರತ ಮತ್ತು ಇಂಡೊನೇಷ್ಯಾ ನೌಕಾಪಡೆಗಳು 2002ರಿಂದ ತಮ್ಮ ಕಡಲ ಗಡಿಯುದ್ದಕ್ಕೂ ಸಮನ್ವಯದ ಗಸ್ತು ನಡೆಸುತ್ತಿವೆ.

ಮಿತಿಗಳು

ಮಲಕ್ಕಾಕ್ಕೆ ಹೊಂದಿಕೊಂಡಿರುವ ಸಿಂಗಪುರ ಜಲಸಂಧಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಎಂಜಿನ್ ಬಿಡಿಭಾಗಗಳ ಕಳವು ಮತ್ತೆ ಹೆಚ್ಚಿದೆ. ಏಷ್ಯಾದ ಕಡಲ್ಗಳ್ಳತನ ತಡೆ ಒಪ್ಪಂದದ ಮಾಹಿತಿ ಕೇಂದ್ರ 2006ರಿಂದ ಸಿಂಗಪುರದಲ್ಲೇ ಇದೆ, ಭಾರತವೂ ಅದರ ಸದಸ್ಯ. ಆದರೆ ಮಲೇಷ್ಯಾ, ಇಂಡೊನೇಷ್ಯಾ ಒಪ್ಪಂದಕ್ಕೆ ಸೇರಿಲ್ಲ. ಸಹಕಾರಕ್ಕಾಗಿ ಸಾರ್ವಭೌಮತ್ವದ ಗೆರೆಯನ್ನು ಯಾರೂ ಅಳಿಸಬೇಕಿಲ್ಲ. ಹಡಗಿನ ಕರೆ ಕಳ್ಳರ ದೋಣಿಗಿಂತ ಮೊದಲು ಗಡಿಯಾಚೆಯ ಗಸ್ತು ನೌಕೆಗೆ ಮುಟ್ಟಬೇಕು. ನಿರಾಯುಧ ನಾವಿಕರ ಜೀವ ಉಳಿಯುವುದು ಅದರಿಂದಲೇ.