ಪಟ್ಟಿಗೆ ಸಿಗದ ಹದ

ಕಾಡಿನ ಸೊಪ್ಪು, ಗೆಡ್ಡೆ, ಮದ್ದಿನ ಬಗ್ಗೆ ಕನ್ನಡದಲ್ಲಿ ಬರೆದಿಟ್ಟವರು ಇಂದು ನಿನ್ನೆಯವರಲ್ಲ. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ (ಸುಮಾರು 1025) ಅಡುಗೆ, ವೃಕ್ಷಾಯುರ್ವೇದ, ವೈದ್ಯ ಎಲ್ಲವನ್ನೂ ಒಂದೇ ಹೊತ್ತಿಗೆಯಲ್ಲಿ ಕಟ್ಟಿಕೊಟ್ಟಿತು. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ದಲ್ಲಿ ಕಳಲೆಯ ಅಡುಗೆಗೂ ಜಾಗ ಕೊಟ್ಟ.

ಆ ಕಳಲೆಯನ್ನೇ ನೋಡಿ. ಮುಂಗಾರಿಗೆ ಬಿದಿರ ಮೆಳೆಯಲ್ಲಿ ಎದ್ದ ಮೊಳಕೆಯನ್ನು ಕಡಿದು, ಸಿಪ್ಪೆ ಸುಲಿದು, ತೆಳ್ಳಗೆ ಹೆಚ್ಚಿ ನೀರಲ್ಲಿ ಮುಳುಗಿಸಿಡಬೇಕು. ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ಕಳೆದ ಮೇಲೆ ಪಲ್ಯಕ್ಕೋ ಉಪ್ಪಿನಕಾಯಿಗೋ ಒದಗುತ್ತದೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ನೆನೆಸಿ ಬೇಯಿಸಿದರೆ ಹೋಗುತ್ತದೆ. ಮಲೆನಾಡಿನ ಅಜ್ಜಿಯರಿಗೆ ಸಯನೈಡಿನ ಸುದ್ದಿ ಗೊತ್ತಿರಲಿಲ್ಲ, ನೀರು ಚೆಲ್ಲುವುದನ್ನು ಮಾತ್ರ ಮರೆತವರಲ್ಲ. ನಾವು ದಾಖಲಿಸುತ್ತ ಬಂದದ್ದು ಗಿಡದ ಹೆಸರನ್ನು. ಈ ಹದ ಪ್ರತಿಸಲವೂ ಕೈಜಾರಿದೆ ಎಂಬುದು ನನ್ನ ತಕರಾರು.

ಪಶ್ಚಿಮ ಘಟ್ಟದ ಗಿಡಗಳು ದೊಡ್ಡ ಪ್ರಮಾಣದಲ್ಲಿ ಅಚ್ಚಿಗೆ ಹೋದದ್ದು ಡಚ್ಚರ ಕಾಲದಲ್ಲಿ. ಡಚ್ ಅಧಿಕಾರಿ ವ್ಯಾನ್ ರೀಡ್ ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ನ 12 ಸಂಪುಟಗಳು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹೊರಬಂದವು. ವೈದ್ಯ ಇಟ್ಟಿ ಅಚ್ಯುದನ್, ಕೊಂಕಣಿಗರಾದ ರಂಗ ಭಟ್ಟ, ಅಪ್ಪು ಭಟ್ಟ, ವಿನಾಯಕ ಪಂಡಿತರ ಹೆಸರು ಅದರಲ್ಲಿ ಉಳಿದದ್ದು ಆ ಕಾಲಕ್ಕೆ ದೊಡ್ಡ ಮಾತೇ. ಆಮೇಲಿನ ಬ್ರಿಟಿಷ್ ಸಸ್ಯಶಾಸ್ತ್ರಕ್ಕೆ ಅಷ್ಟು ಸೌಜನ್ಯವೂ ಇರಲಿಲ್ಲ.

ಸ್ವಾತಂತ್ರ್ಯದ ನಂತರ ಜಾನಕಿ ಅಮ್ಮಾಳ್, ಎಸ್.ಕೆ. ಜೈನ್ ಅವರಂಥ ಸಸ್ಯವಿಜ್ಞಾನಿಗಳು ಬುಡಕಟ್ಟುಗಳ ಸಸ್ಯಜ್ಞಾನವನ್ನು ಅಧ್ಯಯನದ ವಿಷಯವಾಗಿಸಿದರು. 1982ರಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ದೇಶವ್ಯಾಪಿ ಸಂಶೋಧನಾ ಯೋಜನೆ ಆರಂಭಿಸಿತು. 1987ರಲ್ಲಿ ಅಗಸ್ತ್ಯ ಬೆಟ್ಟ ಹತ್ತುತ್ತಿದ್ದ ವಿಜ್ಞಾನಿಗಳು, ದಾರಿ ತೋರಿಸುತ್ತಿದ್ದ ಕಾಣಿ ಬುಡಕಟ್ಟಿನ ಯುವಕರು ಏನೋ ಹಣ್ಣು ಮೆಲ್ಲುತ್ತ ದಣಿವೇ ಇಲ್ಲದೆ ನಡೆಯುವುದನ್ನು ಕಂಡರು. ಅದರಿಂದ ಹುಟ್ಟಿದ್ದೇ ‘ಜೀವನಿ’ ಔಷಧ. ಲಾಭದಲ್ಲಿ ಕಾಣಿಗಳಿಗೂ ಪಾಲು ಸಿಕ್ಕಿ, ಆ ಏರ್ಪಾಡು ಜಗತ್ತಿನಾದ್ಯಂತ ಮಾದರಿ ಎನಿಸಿಕೊಂಡಿತು. ಆದರೆ ಔಷಧಕ್ಕೆ ಬೇಕಾದ ಆ ಗಿಡದ ಎಲೆಯನ್ನು ಕಾಡಿನಿಂದ ತರುವುದಕ್ಕೆ ಅರಣ್ಯ ಇಲಾಖೆಯ ಕಟ್ಟಳೆ ಅಡ್ಡಬಂತು.

1993ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಔಷಧಿ ಸಸ್ಯಗಳನ್ನು ಅವು ಬೆಳೆಯುವ ಕಾಡಿನಲ್ಲೇ ಉಳಿಸಬೇಕೆಂಬ ಕೆಲಸಕ್ಕಿಳಿಯಿತು. ಅದೇ ದಶಕದಲ್ಲಿ ಶಿರಸಿ ಸುತ್ತಮುತ್ತ ಉಪ್ಪಾಗೆಗೆ ಬಂಗಾರದ ಬೆಲೆ ಬಂತು. ಹುಳಿಗೆಂದು ಸಿಪ್ಪೆ, ತುಪ್ಪಕ್ಕೆಂದು ಬೀಜ ಬಳಸುತ್ತಿದ್ದ ಹಣ್ಣು ಅಮೆರಿಕದಲ್ಲಿ ತೂಕ ಇಳಿಸುವ ಮಾತ್ರೆಯಾಯಿತು. ಪೈಪೋಟಿಗೆ ಬಿದ್ದವರು ಕಾಯಿ ಹಣ್ಣಾಗುವ ಮೊದಲೇ ಕೊಂಬೆ ಸಮೇತ ಕಡಿದರು. ಜಡಿಮಳೆಯಲ್ಲಿ ಸಿಪ್ಪೆ ಒಣಗಿಸಲು ಸೌದೆ ರಾಶಿ ರಾಶಿ ಉರಿಯಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದು, 12 ವಾರ ಆ ಮಾತ್ರೆ ನುಂಗಿದವರು ಬರಿಯ ಹುಸಿ ಗುಳಿಗೆ ನುಂಗಿದವರಿಗಿಂತ ಹೆಚ್ಚೇನೂ ತೆಳ್ಳಗಾಗಲಿಲ್ಲ ಎಂದಿತು. ‘ನೈಸರ್ಗಿಕ’ ಎಂಬ ಚೀಟಿ ಅಂಟಿಸಿದ್ದನ್ನೆಲ್ಲ ಕಣ್ಣುಮುಚ್ಚಿ ನುಂಗುವವರು ಇದನ್ನು ನೆನಪಿಡಬೇಕು.

ಇತ್ತೀಚಿನ ಗೆಡ್ಡೆ-ಗೆಣಸು ಮೇಳಗಳ ಬಗ್ಗೆ ನನಗೆ ಅಷ್ಟು ಅನುಮಾನವಿಲ್ಲ. ಜೋಯಿಡಾದಲ್ಲಿ ಕುಣಬಿಗಳು, ಮೈಸೂರಿನಲ್ಲಿ ‘ಸಹಜ ಸಮೃದ್ಧ’ದವರು ನಡೆಸುವ ಮೇಳಗಳಲ್ಲಿ ಗೆಡ್ಡೆ ಬೆಳೆದವರೇ ಮಾರಲು ಕೂರುತ್ತಾರೆ. ಯಾವುದು ತುರಿಸುತ್ತದೆ, ಎಷ್ಟು ಹುಣಸೆ ಬೇಕು ಎಂದು ಕೇಳಿದರೆ ಉತ್ತರ ಅಲ್ಲೇ ಸಿಗುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರದು ಇದಕ್ಕಿಂತ ಕಠಿಣ ಕಥೆ. ಬೇಸಿಗೆಯ ಶುರುವಿನಲ್ಲೇ ಅವರು ‘ತರಗು ಬೆಂಕಿ’ ಹಾಕುತ್ತಿದ್ದರು: ಒಣಗಿದೆಲೆ ಮಾತ್ರ ಸುಡುವ, ಮೊಣಕಾಲಿಗಿಂತ ಮೇಲೇಳದ ಉರಿ. 1974ರಲ್ಲಿ ವನ್ಯಧಾಮವಾದ ಮೇಲೆ ಅದು ನಿಂತಿತು. ಲಂಟಾನ ಹಬ್ಬಿದ್ದು, ನೆಲ್ಲಿಮರಕ್ಕೆ ಬಂದಣಿಕೆ ಹತ್ತಿದ್ದು ಅದಕ್ಕೇ ಎನ್ನುತ್ತಾರೆ ಸೋಲಿಗರು. ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದರು. 2011ರಲ್ಲಿ, ಬೆಟ್ಟ ಹುಲಿ ಮೀಸಲು ಪ್ರದೇಶವಾದ ವರ್ಷವೇ, ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿ ತರಲು ಈಗ ಕಾನೂನಿನ ಬಲವಿದೆ. ಬೆಂಕಿ ಹಾಕುವುದು ಮಾತ್ರ ಅಪರಾಧವಾಗಿಯೇ ಉಳಿದಿದೆ; ಯಾವ ಗಾಳಿಗೆ, ಯಾವ ಹೊತ್ತಿಗೆ ಹಾಕಬೇಕೆಂದು ಸ್ವತಃ ಹಾಕಿ ಬಲ್ಲವರಿಗೆಲ್ಲ ಅರವತ್ತು ದಾಟಿದೆ.