ನೀರ ನಡುವಿನ ಮಂಟಪ, ದಡದ ಮುಸಾಫಿರ್‌ಖಾನ

ದಾವಣಗೆರೆಯಿಂದ ಚನ್ನಗಿರಿಗೆ ಹೋಗುವ ದಾರಿಯಲ್ಲಿ ಸಂತೇಬೆನ್ನೂರು ಸಿಗುತ್ತದೆ. ಇಲ್ಲಿನ ಪುಷ್ಕರಣಿಯನ್ನು ಜನ ಹೊಂಡ ಎಂದೇ ಕರೆಯುತ್ತಾರೆ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ನೀರಿನ ನಡುವೆ ಅಂತಸ್ತುಗಳಾಗಿ ಏರುವ ವಸಂತ ಮಂಟಪ. ದಂಡೆಯ ಎಂಟು ದಿಕ್ಕಿಗೂ ಒಂದೊಂದು ಮಂಟಪವಿತ್ತು; ಈಗ ಎಲ್ಲವೂ ಉಳಿದಿಲ್ಲ. ಹತ್ತಿರದಲ್ಲೇ ಮುಸಾಫಿರ್‌ಖಾನ ಇದೆ. ಎರಡೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕಗಳು.

ವಾಸ್ತುಶಿಲ್ಪದ ಪುಸ್ತಕಗಳು ಕಟ್ಟಡಗಳನ್ನು ಹಿಂದೂ, ಇಸ್ಲಾಮಿ, ಯುರೋಪಿಯನ್ ಎಂದು ಬೇರೆ ಬೇರೆ ಖಾನೆಗಳಲ್ಲಿ ಇಡುತ್ತವೆ. ಸಂತೇಬೆನ್ನೂರಿನಲ್ಲಿ ಈ ಖಾನೆಗಳು ಕೆಲಸಕ್ಕೆ ಬರುವುದಿಲ್ಲ. ಹೊಂಡವನ್ನು ಕಟ್ಟಿಸಿದವನು 16ನೇ ಶತಮಾನದ ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕ. ಅವನ ದೈವ ರಂಗನಾಥ. ಆದರೆ ಮಂಟಪಗಳ ಕಮಾನುಗಳನ್ನು ಕಂಡವರಿಗೆ ಬಿಜಾಪುರ ನೆನಪಾಗುತ್ತದೆ. ದೇವರ ಕೊಳಕ್ಕೆ ಈ ಕಮಾನು ಹೇಗೆ ಬಂತು?

ಉತ್ತರವನ್ನು ಕಲ್ಲು ಗಾರೆಗಳಲ್ಲಿ ಹುಡುಕಬೇಕು. 6ನೇ ಶತಮಾನದಲ್ಲಿ ಚಾಲುಕ್ಯರು ಬಾದಾಮಿಯ ಮರಳುಗಲ್ಲಿನ ಬೆಟ್ಟವನ್ನೇ ಕೊರೆದು ಗುಹಾಲಯ ಮಾಡಿದರು. ಆಮೇಲೆ ಪಟ್ಟದಕಲ್ಲಿನಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಗುಡಿ ಎಬ್ಬಿಸಿದರು. ಹೊಯ್ಸಳರ ಶಿಲ್ಪಿಗಳಿಗೆ ಸಿಕ್ಕಿದ್ದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಅದು ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಅವರ ಕುಸುರಿ ಕೆಲಸಕ್ಕೆ ಈ ಕಲ್ಲಿನ ಗುಣವೇ ಆಸರೆ. ದಾವಣಗೆರೆ ಜಿಲ್ಲೆಯಲ್ಲೇ ಇರುವ ಹರಿಹರದ ಹರಿಹರೇಶ್ವರ ದೇಗುಲ 1224ರದ್ದು. ಇವೆಲ್ಲ ಕಂಬದ ಮೇಲೆ ತೊಲೆ ಹೇರಿದ ಕಟ್ಟಡಗಳು. ಕಲ್ಲಿನ ತೊಲೆ ಉದ್ದವಾದಷ್ಟೂ ಬಿರಿಯುವ ಭಯ ಹೆಚ್ಚು. ಆದ್ದರಿಂದ ಕಂಬಗಳು ಒತ್ತೊತ್ತಾಗಿ ನಿಲ್ಲಬೇಕು.

ಕಮಾನಿನ ವಿದ್ಯೆ ಬೇರೆ. ಅದರ ತುಂಡುಗಳು ಒಂದನ್ನೊಂದು ಒತ್ತಿಕೊಂಡು ಭಾರವನ್ನು ಪಕ್ಕಕ್ಕೂ ಕೆಳಕ್ಕೂ ದಾಟಿಸುತ್ತವೆ. ಫಾರಸಿಯಲ್ಲಿ ಕಮಾನ್ ಎಂದರೆ ಬಿಲ್ಲು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದ ಮೇಲೆ ಈ ವಿದ್ಯೆ ದಖನ್ನಿನಲ್ಲಿ ಬೇರುಬಿಟ್ಟಿತು. 1367ರ ಗುಲ್ಬರ್ಗಾ ಜಾಮಿಯಾ ಮಸೀದಿಯಲ್ಲಿ ಕಮಾನುಗಳ ಸಾಲೇ ಇದೆ. 1656ರ ಗೋಲಗುಮ್ಮಟವಂತೂ ನಡುವೆ ಒಂದೂ ಕಂಬವಿಲ್ಲದೆ ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟವನ್ನು ಹೊತ್ತು ನಿಂತಿದೆ.

ಇತ್ತ ವಿಜಯನಗರದವರಿಗೆ ಸಿಕ್ಕಿದ್ದು ಗಟ್ಟಿ ಕಣಶಿಲೆ. ಹೊಯ್ಸಳರ ಕುಸುರಿ ಅದರಲ್ಲಿ ಸುಲಭವಲ್ಲ. ಅವರು ಗೋಪುರದ ಬುಡವನ್ನು ಕಲ್ಲಿನಲ್ಲೂ ಮೇಲ್ಭಾಗವನ್ನು ಇಟ್ಟಿಗೆ ಗಾರೆಯಲ್ಲೂ ಕಟ್ಟಿದರು. ಗಾರೆ ಕೆಲಸದಲ್ಲಿ ಪಳಗಿದ ಕೈಗೆ ಕಮಾನು ಒಲಿಯುವುದು ಕಷ್ಟವಲ್ಲ. ಹಂಪಿಯ ಕಮಲ ಮಹಲಿನಲ್ಲಿ ಕೆಳಗೆ ಕಮಾನು, ಮೇಲೆ ಗುಡಿಯ ಶಿಖರ. ಸಂತೇಬೆನ್ನೂರಿನ ಮಂಟಪಗಳೂ ಇದೇ ಬಳಗದವು: ಬುಡ ಕಲ್ಲು, ಮೇಲೆ ಇಟ್ಟಿಗೆ ಗಾರೆ.

ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿತ್ತು. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ವಿಜಯನಗರದಲ್ಲಿ ಮಸೀದಿ ಕಟ್ಟಿಸಿದ. ಅದಕ್ಕೆ ಗುಮ್ಮಟವಿಲ್ಲ, ನೋಡಲು ಗುಡಿಯ ಕಂಬದ ಮಂಟಪದಂತಿದೆ. ಅಲ್ಲಿನ ಶಾಸನ ಅದನ್ನು ಧರ್ಮಸಾಲೆ ಎನ್ನುತ್ತದೆ. ಸಂತೇಬೆನ್ನೂರಿನ ಪ್ರಾರ್ಥನಾ ಮಂದಿರವನ್ನೂ ಜನ ಕರೆಯುವುದು ಮುಸಾಫಿರ್‌ಖಾನ, ಎಂದರೆ ದಾರಿಹೋಕರ ಮನೆ ಎಂದು.

ಇಷ್ಟು ಹೇಳಿ ಸೌಹಾರ್ದದ ಮಾತಾಡಿ ಮುಗಿಸುವುದು ಸುಲಭ. ಅದು ಅರ್ಧ ಸತ್ಯವಾದೀತು. 1637-38ರ ಸುಮಾರಿಗೆ ಬಿಜಾಪುರದ ದಳಪತಿ ರಣದುಲ್ಲಾ ಖಾನ್ ಈ ಸೀಮೆಯ ಮೇಲೆ ದಂಡೆತ್ತಿ ಬಂದ. ರಂಗನಾಥನ ಗುಡಿಯನ್ನು ಕೆಡವಿ ಅಲ್ಲಿ ಮುಸಾಫಿರ್‌ಖಾನ ಕಟ್ಟಲಾಯಿತು ಎನ್ನುತ್ತದೆ ಇಲ್ಲಿನ ಇತಿಹಾಸ. ನಾಯಕರು ತಿರುಗಿ ಬಂದು ಬಿಜಾಪುರದ ಅಧಿಕಾರಿಯನ್ನು ಕೊಂದರು, ಆಮೇಲೆ ಅಲ್ಲಿ ನಮಾಜು ನಿಂತಿತು ಎಂಬುದು ಐತಿಹ್ಯ. ಗುಡಿ ಕೆಡವಿದ್ದನ್ನು ಮುಚ್ಚಿಡುವುದೂ ಸಲ್ಲದು, ಅದನ್ನು ಇಂದಿನ ಜನರ ಲೆಕ್ಕಕ್ಕೆ ಬರೆಯುವುದೂ ಸಲ್ಲದು. ಅದು ಸೀಮೆಗಾಗಿ ನಡೆದ ಅರಸರ ಜಗಳ. ಕಟ್ಟುವವರ ಕಸುಬು ಇಂಥ ಜಗಳಗಳ ಆಚೆಗೂ ಬದುಕಿತು. ಗೆದ್ದವನ ಮಸೀದಿಗೂ ಸೋತವನ ಮಂಟಪಕ್ಕೂ ಒಂದೇ ಬಗೆಯ ಕಮಾನು ಇರುವುದು ಇದಕ್ಕೆ ಸಾಕ್ಷಿ.

ಮುಂದಿನ ಕಾಲದಲ್ಲೂ ಈ ಬೆರಕೆ ನಿಲ್ಲಲಿಲ್ಲ. 1897ರಲ್ಲಿ ಮೈಸೂರು ಅರಮನೆ ಸುಟ್ಟಾಗ ಹೊಸದರ ನಕ್ಷೆ ಹಾಕಿದವರು ಹೆನ್ರಿ ಇರ್ವಿನ್ ಎಂಬ ಬ್ರಿಟಿಷರು. 1912ಕ್ಕೆ ಮುಗಿದ ಅರಮನೆಗೆ ಗುಮ್ಮಟಗಳೂ ಇವೆ, ಒಳಗೆ ಎರಕದ ಕಬ್ಬಿಣದ ಕಂಬಗಳೂ ಇವೆ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧ 1956ರಲ್ಲಿ ಮುಗಿದಾಗ ಗುಡಿಯ ಕಂಬ, ಅದರ ಮೇಲೆ ಗುಮ್ಮಟ ಎರಡೂ ಒಂದೇ ಕಟ್ಟಡದಲ್ಲಿ ಕೂಡಿದ್ದವು.

ಆಮೇಲೆ ಬಂದ ಸಿಮೆಂಟು ಮತ್ತು ಕಬ್ಬಿಣದ ಸರಳು ಎಲ್ಲ ಊರುಗಳನ್ನೂ ಒಂದೇ ರೂಪಕ್ಕೆ ತಂದವು. ಗಾರೆ ಅರೆಯುವ ಕಸುಬು ಅಪರೂಪವಾಗಿದೆ. ಗಾರೆಯ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಹೊರಬರಲಾರದೆ ಒಳಗಿನ ಇಟ್ಟಿಗೆ ಕೆಡುತ್ತದೆ. ಹಾಗಾಗಿ ಹೊಂಡದ ಮಂಟಪ ಉಳಿಯಬೇಕಾದರೆ ಅದನ್ನು ಬಲ್ಲ ಕೈಗಳೂ ಉಳಿಯಬೇಕು. ಆ ಕೈಗಳನ್ನು ಉಳಿಸುವ ಯೋಚನೆ ಮಾಡುವ ಬದಲು, ಮಂಟಪ ನಮ್ಮದು, ಮುಸಾಫಿರ್‌ಖಾನ ನಿಮ್ಮದು ಎಂದು ಪಾಲು ಹಂಚಲು ಕೂರುವವರಿದ್ದಾರೆ. ಎರಡರಲ್ಲೂ ಇರುವ ಕಮಾನನ್ನು ಅವರು ಯಾರ ಪಾಲಿಗೆ ಹಾಕುತ್ತಾರೆ?