ಚೌಕಗಳು ಅಕ್ಷರಗಳಾದ ಕಥೆ



2004ರ ಒಂದು ಸಂಜೆ ವಿದೇಶದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಮಿಂಚಂಚೆ ಬಂದಿತು. ಕನ್ನಡದಲ್ಲಿಯೇ ಬರೆದಿದ್ದನಂತೆ. ನನ್ನ ತೆರೆಯ ಮೇಲೆ ಕಂಡದ್ದು ಮಾತ್ರ ಸಾಲು ಸಾಲು ಖಾಲಿ ಚೌಕಗಳು. ಅಕ್ಷರ ಕಲಿಸಿದವನೇ ಅಕ್ಷರ ತಿಳಿಯದವನಂತೆ ಕುಳಿತೆ.

ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿತ್ತು. ಆದರೆ ನನ್ನ ಯಂತ್ರದಲ್ಲಿದ್ದ ವಿಂಡೋಸ್ 98ಕ್ಕೆ ಅದನ್ನು ತೋರಿಸುವ ಶಕ್ತಿಯಿರಲಿಲ್ಲ. ಆ ಶಕ್ತಿ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ. ಅದಕ್ಕೆ ಕನಿಷ್ಠ 64 ಎಂ.ಬಿ. ಮೆಮೊರಿ ಬೇಕು, 128 ಇದ್ದರೆ ಒಳಿತು. ನನ್ನ ಪೆಂಟಿಯಂ 2ರಲ್ಲಿ ಇದ್ದದ್ದು 32 ಮಾತ್ರ. ಹೊಸ ಗಣಕಯಂತ್ರ ನನ್ನ ಪಿಂಚಣಿಗೆ ನಿಲುಕುವಂತಿರಲಿಲ್ಲ. ಹಾಗಾಗಿ ಬೆಂಗಳೂರಿನ ಟೌನ್ ಹಾಲ್ ಸಮೀಪದ ಎಸ್.ಪಿ. ರಸ್ತೆಗೆ ಹೊರಟೆ.

ಇಲ್ಲಿ ಇತಿಹಾಸದ ಮೇಷ್ಟ್ರು ಸ್ವಲ್ಪ ಹಿಂದಕ್ಕೆ ಹೋಗಬೇಕು. ಒಂದು ಯಂತ್ರದಿಂದ ಕಳಚಿದ ಭಾಗ ಇನ್ನೊಂದಕ್ಕೆ ಹೊಂದುವುದೇಕೆ? 1981ರ ಆಗಸ್ಟ್ 12ರಂದು ಐಬಿಎಂ ತನ್ನ ಪಿಸಿಯನ್ನು ಪ್ರಕಟಿಸಿದಾಗ ಅದರೊಳಗೆ ಹೆಚ್ಚುವರಿ ಕಾರ್ಡುಗಳಿಗಾಗಿ ಐದು ಸ್ಲಾಟ್‌ಗಳಿದ್ದವು. 16 ಕೆ.ಬಿ. ಮೆಮೊರಿಯಿಂದ ಆರಂಭಿಸಿ ಮೂಲ ಬೋರ್ಡಿನ ಮೇಲೆಯೇ 64ರವರೆಗೆ ಚಿಪ್ ಸೇರಿಸಬಹುದಿತ್ತು. ಸರ್ಕ್ಯೂಟ್ ನಕ್ಷೆಗಳನ್ನೂ ಆ ಸಂಸ್ಥೆ ಕೈಪಿಡಿಯಲ್ಲಿ ಅಚ್ಚು ಹಾಕಿಸಿತು. 1982ರಲ್ಲಿ ಕಾಂಪ್ಯಾಕ್, ಬಯೋಸ್ ಎಂಬ ಮೂಲ ತಂತ್ರಾಂಶವನ್ನು ತಾನೇ ಹೊಸದಾಗಿ ಬರೆದು, ಹೊಂದುವ ಯಂತ್ರವನ್ನು ಪ್ರಕಟಿಸಿತು. ಬಳಿಕ ಹತ್ತಾರು ಸಂಸ್ಥೆಗಳು ಅದೇ ದಾರಿ ಹಿಡಿದವು. ಸ್ಲಾಟಿನ ಅಳತೆ ಎಲ್ಲರಿಗೂ ಸಮಾನವಾದುದರಿಂದಲೇ ಹಳೆಯ ಭಾಗಗಳಿಗೊಂದು ಮಾರುಕಟ್ಟೆ ಹುಟ್ಟಿತು.

ಎಸ್.ಪಿ. ರಸ್ತೆಯ ಕಿರಿದಾದ ಅಂಗಡಿಯೊಂದರಲ್ಲಿ ಬಳಸಿದ 256 ಎಂ.ಬಿ. ಮೆಮೊರಿ ಪಟ್ಟಿಯೊಂದನ್ನು ಕೊಂಡು ತಂದೆ. ಯಂತ್ರ ಅದನ್ನು 128 ಎಂದೇ ಎಣಿಸಿತು! ಮೋಸಹೋದೆನೆಂದು ಕೋಪಗೊಂಡೆ. ತಪ್ಪು ಅಂಗಡಿಯವನದಲ್ಲ. ಪಟ್ಟಿಯಲ್ಲಿ ಎಂಟೇ ಚಿಪ್‌ಗಳಿದ್ದವು. ಒಂದೊಂದೂ ಹೆಚ್ಚು ಸಾಂದ್ರವಾದವು. ನನ್ನ ಹಳೆಯ ಮದರ್‌ಬೋರ್ಡಿಗೆ ಅವುಗಳ ಅರ್ಧವನ್ನಷ್ಟೇ ಗುರುತಿಸುವ ಸಾಮರ್ಥ್ಯವಿತ್ತು. ಅಂಗಡಿಯವನು ನಗುತ್ತ ಹದಿನಾರು ಚಿಪ್‌ಗಳ ಪಟ್ಟಿಯನ್ನು ಬದಲಿಗೆ ಕೊಟ್ಟ. ಈ ಸಲ ಲೆಕ್ಕ ಪೂರ್ತಿ ಬಂದಿತು. ಒಂದು ಬುದ್ಧಿಮಾತನ್ನೂ ಹೇಳಿದ: "ಮೆಮೊರಿ ಹಳೆಯದಾದರೂ ಕೊಳ್ಳಿ ಸರ್, ಹಾರ್ಡ್ ಡಿಸ್ಕ್ ಮಾತ್ರ ಹೊಸದೇ ಇರಲಿ." ತಿರುಗುವ ಭಾಗ ಸವೆಯುತ್ತದೆ, ತಿರುಗದ್ದು ಬಾಳುತ್ತದೆ ಎಂಬ ಸರಳ ಸತ್ಯವದು. ಒಟ್ಟು ಖರ್ಚಿನಲ್ಲಿ ಹೆಚ್ಚಿನ ಪಾಲು ಹೋದದ್ದು ಎಕ್ಸ್‌ಪಿಯ ಪರವಾನಗಿಗೆ.

ಎಕ್ಸ್‌ಪಿ ಹಾಕಿ, ಭಾಷೆಗಳ ಆಯ್ಕೆಯಲ್ಲಿ ಗುರುತು ಮಾಡಿ, ಪತ್ರ ತೆರೆದೆ. ಚೌಕಗಳು ಅಕ್ಷರಗಳಾಗಿದ್ದವು. "ಮೇಷ್ಟ್ರೇ, ಕನ್ನಡ ಬರೆದು ಬಹಳ ದಿನವಾಯಿತು, ತಪ್ಪಿದ್ದರೆ ತಿದ್ದಿ" ಎಂದು ಆರಂಭವಾಗಿತ್ತು. ಎರಡು ತಪ್ಪುಗಳಿದ್ದವು. ತಿದ್ದಿ ಕಳುಹಿಸಿದೆ.

ಇಂದಿಗೂ ಹಳೆಯ ಯಂತ್ರಕ್ಕೆ ಎಸ್ಎಸ್‌ಡಿ ಜೋಡಿಸಿದರೆ ಅದು ಲವಲವಿಕೆಯಿಂದ ಓಡುತ್ತದೆ. ಆದರೆ ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ಹೊಸ ತಲೆಮಾರಿನ ಪ್ರೊಸೆಸರ್ ಅನ್ನೂ ಕೇಳುವುದರಿಂದ, ಗಟ್ಟಿಮುಟ್ಟಾದ ಎಷ್ಟೋ ಯಂತ್ರಗಳು ಮೂಲೆ ಸೇರುತ್ತಿವೆ. ಅವುಗಳಲ್ಲಿ ಹಲವಕ್ಕೆ ಉಚಿತವಾದ ಲಿನಕ್ಸ್ ಮರುಜೀವ ಕೊಡಬಲ್ಲದು.

ನಿಮ್ಮ ಮನೆಯ ಅಟ್ಟದ ಮೇಲೂ ಅಂಥದೊಂದು ಇರಬಹುದು. ಗುಜರಿಗೆ ಹಾಕುವ ಮುನ್ನ ಒಮ್ಮೆ ಮುಚ್ಚಳ ತೆರೆದು ನೋಡಿ. ಕಲಿಯಲು ಯಂತ್ರವಿಲ್ಲದ ಮಗುವೊಂದು ನಿಮ್ಮ ಬೀದಿಯಲ್ಲಿಯೇ ಇದ್ದೀತು.